ಗೋಡೆಯೊಳಗಿಂದ ಬರುವ ಕೈ

ಚಳಿ ಇನ್ನೂ ಪೂರ್ತಿ ಕಾಲ್ತೆಗೆದಿಲ್ಲ. ಸುತ್ತಲಿನ ಹೊಲಗಳಲ್ಲಿ ಕೊಯ್ಲು ಮುಗಿದು ಕೂಳೆ ಒಣಗಿ ನಿಂತಿದೆ. ನಸುಕಿನಲ್ಲಿ ಗಾಳಿ ಎದ್ದರೆ ಸಾಕು, ಹೊಟ್ಟಿನ ಧೂಳು ಊರಂಚಿನ ಹಳೆಯ ಹತ್ತಿ ಗೋದಾಮಿನ ತಗಡಿನ ಸಂದಿಗಳಿಂದ ಒಳಗೆ ನುಗ್ಗುತ್ತದೆ. ಒಳಗಿನ ನೆಲ ಹಾಲಿನಂತೆ ಬಿಳಿ. ಆ ಬಿಳಿಯ ಮೇಲೆ ಒಂದು ಚಿಟಿಕೆ ಧೂಳು ಕೂತರೂ ಹಗಲು ಅದು ಅಲ್ಲಿ ಮೂಡುವ ಚಿತ್ರದ ಆಕಾಶದಲ್ಲಿ ಕೊಳೆಯಾಗಿ ಕಾಣುತ್ತದೆ. ಹಾಗಾಗಿ ಈ ತಿಂಗಳುಗಳಲ್ಲಿ ಗೋಡೆಯಕ್ಕನ ಕೆಲಸ ಊರು ಏಳುವ ಮೊದಲೇ ಶುರುವಾಗುತ್ತದೆ.

ಉದ್ದ ಕೋಲಿನ ತುದಿಗೆ ಒದ್ದೆ ಬಟ್ಟೆ ಸುತ್ತಿಕೊಂಡು ಆಕೆ ನೆಲ ಒರೆಸುತ್ತಾ ಹಿಂದಕ್ಕೆ ಹಿಂದಕ್ಕೆ ಸರಿಯುತ್ತಿದ್ದಾರೆ. ಭಾರವೆಲ್ಲ ಎಡಗಾಲಿನ ಮೇಲೆ. ಬಲ ಮಂಡಿ ಬಗ್ಗಿಸುವಾಗ ಒಮ್ಮೆ ತುಟಿ ಕಚ್ಚುತ್ತಾರೆ. ಎದುರು ಗೋಡೆಯ ಕಡೆಯಿಂದ ಒರೆಸಿಕೊಂಡು ಬರುತ್ತಿರುವವಳು ಆಕೆಯ ನಾದಿನಿ. ಮನೆಯಲ್ಲೂ ಜೊತೆ, ಕೆಲಸದಲ್ಲೂ ಜೊತೆ.

"ಅತ್ತಿಗೆ, ಮೂಲೆ ಬಿಟ್ರಿ ನೋಡಿ. ಕಣ್ಣು ಎಲ್ಲಿಟ್ಟಿದೀರಿ?"

"ನಿನ್ನ ಬಾಯಿ ಮೇಲೆ ಇಟ್ಟಿದೀನಿ. ಅದೊಂದು ಮುಚ್ಚಿದ್ರೆ ಮೂಲೆ ತಾನಾಗೇ ಕ್ಲೀನ್ ಆಗತ್ತೆ."

ನಾದಿನಿ ನಗುತ್ತಾಳೆ. ಅತ್ತಿಗೆ ನಗುವುದಿಲ್ಲ. ಬಿಟ್ಟ ಮೂಲೆಗೆ ಹಿಂತಿರುಗಿ ಹೋಗಿ, ಒರೆಸಿದ್ದನ್ನೇ ಎರಡೆರಡು ಸಲ ಒರೆಸುತ್ತಾರೆ. ಹಿಂದೆ ಇಲ್ಲಿ ಬಿದ್ದಿದ್ದ ಟೈಲರ್ ತಾತ ಇವತ್ತು ಮಧ್ಯಾಹ್ನ ಮತ್ತೆ ಬರುತ್ತಾರೆ. ರಾತ್ರಿಯಿಡೀ ಆಕೆಗೆ ರೆಪ್ಪೆಗೆ ರೆಪ್ಪೆ ಅಂಟಿಲ್ಲ.

ಈ ಗೋದಾಮಿನಲ್ಲಿ ಈಗ ಹತ್ತಿ ಇಲ್ಲ, ಚಿತ್ರ ಇದೆ. ಹೆಸರು ಕೇಳದವರೇ ಇಲ್ಲ ಎನ್ನುವಂಥ, ಎಂದೋ ತೀರಿಕೊಂಡ ಒಬ್ಬ ಚಿತ್ರಕಾರನ ಚಿತ್ರಗಳು. ಅವನ್ನು ಚೌಕಟ್ಟು ಕಟ್ಟಿ ತೂಗುಹಾಕಿಲ್ಲ. ಸೂರಿನಡಿ ಸಾಲಾಗಿ ಕೂತ ಪ್ರೊಜೆಕ್ಟರುಗಳು ನಾಲ್ಕು ಗೋಡೆಗೂ ನೆಲಕ್ಕೂ ಚಿತ್ರಗಳನ್ನು ಸುರಿಯುತ್ತವೆ. ಚಪ್ಪಲಿ ಹೊರಗೆ ಬಿಟ್ಟು ಬರಿಗಾಲಲ್ಲಿ ಒಳಗೆ ಬಂದವರು ಮೊದಲು ಗೋಧಿ ಹೊಲದ ನಡುವೆ ನಿಲ್ಲುತ್ತಾರೆ. ತೆನೆಗಳು ಮೊಣಕಾಲಿನ ಸುತ್ತ ಓಲಾಡುತ್ತವೆ. ಆಮೇಲೆ ಹೂದೋಟ. ಅದು ಕರಗಿದ ಮೇಲೆ ಹೊಳೆ. ಚಿತ್ರಕಾರ ಗೀಟು ಗೀಟಾಗಿ ಎಳೆದ ನೀಲಿ ಹಸಿರು ನೀರು ಒಂದು ಗೋಡೆಯಿಂದ ಹೊರಟು, ನೆಲದ ಮೇಲೆ ಹರಿದು, ಎದುರು ಗೋಡೆ ಹತ್ತುತ್ತದೆ. ಕಾಲು ನಿಂತಲ್ಲೇ ನಿಂತಿರುತ್ತದೆ. ನೆಲ ಮಾತ್ರ ಹರಿಯುತ್ತದೆ. ಇಲ್ಲಿ ಕೆಲಸ ಮಾಡುವವರು ಅದಕ್ಕೆ 'ಹೊಳೆ ಬಿಡೋದು' ಅನ್ನುತ್ತಾರೆ.

ಹೊಳೆ ಬಿಟ್ಟಾಗಲೇ ಜನ ಬೀಳುವುದು. ಮೈ ತಾನು ತೇಲಿಹೋಗುತ್ತಿದ್ದೇನೆ ಅಂದುಕೊಂಡು ಎದುರು ದಿಕ್ಕಿಗೆ ವಾಲುತ್ತದೆ. ಹಿಡಿದುಕೊಳ್ಳಲು ಕಂಬವಿಲ್ಲ, ಕುರ್ಚಿಯಿಲ್ಲ. ಕಬ್ಬಿಣದ ಕಂಬಿ ಹಾಕಿದರೆ ನೀರಿನ ಮೇಲೆ ಅದರ ನೆರಳು ಬೀಳುತ್ತದಂತೆ. ಅದಕ್ಕೇ ಕಂಬಿಯ ಬದಲು ಇಬ್ಬರು ಹೆಂಗಸರನ್ನು ನಿಲ್ಲಿಸಿದ್ದಾರೆ. ಇವರಿಗೆ ಅಡಿಯಿಂದ ಮುಡಿಯವರೆಗೆ ಬಿಳಿ ಬಟ್ಟೆ, ತಲೆಗೂ ಬಿಳಿ ವಸ್ತ್ರ. ಬಣ್ಣದ ಬಟ್ಟೆಯವರು ಗೋಡೆ ಬಳಿ ನಿಂತರೆ ಚಿತ್ರಕ್ಕೆ ತೂತು ಬಿದ್ದಂತೆ ಕಾಣುತ್ತದೆ. ಬಿಳಿ ಬಟ್ಟೆಯವರ ಮೇಲಾದರೆ ಚಿತ್ರ ಹಾಗೇ ಹರಿದುಹೋಗುತ್ತದೆ. ಗೋಧಿ ಬಂದಾಗ ಗೋಡೆಯಕ್ಕನ ಎದೆಯ ಮೇಲೆ ಗೋಧಿ, ಹೂದೋಟ ಬಂದಾಗ ಕೆನ್ನೆಯ ಮೇಲೆ ಹೂವು. ಎರಡು ಮಾರು ದೂರದಲ್ಲಿ ನಿಂತವರಿಗೂ ಅಲ್ಲೊಬ್ಬ ಹೆಂಗಸಿದ್ದಾಳೆ ಎಂದು ತಿಳಿಯುವುದಿಲ್ಲ. ಟಿಕೆಟ್ ಕೊಡುವಾಕೆ ಇಟ್ಟ ಹೆಸರು ಗೋಡೆಯಕ್ಕ. ಈಗ ಸಂಬಳ ಕೊಡುವವರೂ ಅದೇ ಹೆಸರು ಕೂಗುತ್ತಾರೆ.

"ಜನ ಗೋಡೆ ನೋಡ್ತಾರೆ. ನಾವು ಜನರ ಕಾಲು ನೋಡ್ತೀವಿ" ಎಂದು ಆಕೆ ತನ್ನ ಕೆಲಸವನ್ನು ವಿವರಿಸುತ್ತಾರೆ. "ಬೀಳೋ ಮೊದಲು ಹೆಬ್ಬೆರಳು ನೆಲ ಕಚ್ಚತ್ತೆ. ಹಿಮ್ಮಡಿ ಎದ್ರೆ ಮುಗೀತು. ಅಷ್ಟರೊಳಗೆ ಕೈ ಸಿಗ್ಬೇಕು."

ಕಾಲು ನೋಡುವುದನ್ನು ಆಕೆ ಕಲಿತದ್ದು ಇಲ್ಲಿ ಅಲ್ಲ. ಮದುವೆಯಾಗಿ ಬಂದಾಗಿನಿಂದ ಆಕೆಯದು ಮನೆ ಕಟ್ಟುವ ಕೆಲಸ. ಗಾರೆ ತುಂಬಿದ ಬಾಂಡ್ಲಿ ತಲೆಯ ಮೇಲಿಟ್ಟುಕೊಂಡು ಸಾರುವೆಯ ಹಲಗೆ ಹತ್ತುವುದು. ಕತ್ತು ಎತ್ತುವಂತಿಲ್ಲ, ಬಗ್ಗಿಸುವಂತಿಲ್ಲ. ಕಣ್ಣಿಗೆ ಕಾಣುವುದು ಮುಂದೆ ಹೋಗುವವರ ಹಿಮ್ಮಡಿ ಮಾತ್ರ. ಆ ಹಿಮ್ಮಡಿ ನಡುಗಿದರೆ ಹಿಂದಿನವರು ನಿಲ್ಲಬೇಕು, ಇಲ್ಲದಿದ್ದರೆ ಇಬ್ಬರೂ ಕೆಳಗೆ. ಹಾಗೆ ಹತ್ತಿ ಇಳಿದು, ಇನ್ನೊಬ್ಬರ ಮನೆಗಳಿಗೆ ಮಹಡಿ ಏರಿಸಿ, ಕೊನೆಗೆ ಬಲ ಮಂಡಿ ಸವೆಯಿತು. ಮೇಸ್ತ್ರಿ ಒಂದು ದಿನ ಬಾಂಡ್ಲಿ ಕೊಡಲಿಲ್ಲ. ಬೈಯಲೂ ಇಲ್ಲ. "ನಾಳೆಯಿಂದ ಮನೇಲಿ ಇರಮ್ಮ" ಅಂದ. ಅದಾದ ಮೇಲೆ ಆಕೆ ಮನೆಯಲ್ಲೇ ಉಳಿದರು. ಮರ ಕೊಯ್ಯುವ ಕಾರ್ಖಾನೆಯಿಂದ ಗಂಡ ಮನೆಗೆ ಬಂದಾಗ ಊಟಕ್ಕಿಟ್ಟು ತಾನು ಬಾಗಿಲಲ್ಲಿ ಕೂರುತ್ತಿದ್ದರಂತೆ. "ಕೂತು ತಿನ್ನೋದು ಅಂದ್ರೆ ಸುಖ ಅಂತಾರೆ. ನನಗೆ ಗಂಟಲಲ್ಲಿ ಇಳೀತಿರ್ಲಿಲ್ಲ."

ಈ ಕೆಲಸ ಹುಡುಕಿ ತಂದದ್ದು ನಾದಿನಿ. "ತಲೆ ಮೇಲೆ ಏನೂ ಹೊರೋ ಹಾಗಿಲ್ಲ ಅತ್ತಿಗೆ, ಬರೀ ನಿಂತ್ಕೊಳ್ಳೋದು" ಅಂದಿದ್ದಳು. ಬರೀ ನಿಂತುಕೊಳ್ಳುವುದು ಮಂಡಿಗೆ ಎಷ್ಟು ಭಾರ ಎಂಬುದನ್ನು ಗೋಡೆಯಕ್ಕ ಯಾರಿಗೂ ಹೇಳಿಲ್ಲ. ಮಂಡಿಯ ವಿಷಯ ಮೇಲ್ವಿಚಾರಕಿಯ ಕಿವಿಗೆ ಬಿದ್ದರೆ ಮತ್ತೆ ಅದೇ ಬಾಗಿಲು, ಅದೇ ಊಟ.

ಟೈಲರ್ ತಾತ ಬಿದ್ದದ್ದೂ ಆ ಮಂಡಿಯಿಂದಲೇ.

ಇಲ್ಲಿ ಒಂದು ನಿಯಮವಿದೆ. ಯಾರಾದರೂ ವಾಲಿದಂತೆ ಕಂಡರೆ ಮೊದಲು ಗೋಡೆ ಬಿಟ್ಟು ಎರಡು ಹೆಜ್ಜೆ ಮುಂದೆ ಬರಬೇಕು, ಮನುಷ್ಯರೆಂದು ತೋರಿಸಿಕೊಳ್ಳಬೇಕು. ಆಮೇಲೆ 'ಕೈ ಬೇಕಾ' ಎಂದು ಕೇಳಬೇಕು. ಬೇಕು ಅಂದರೆ ಮಾತ್ರ ಮುಟ್ಟಬೇಕು. ಆ ದಿನ ಸಂಜೆಯ ಹೊತ್ತು, ಮಂಡಿ ಕೈಕೊಟ್ಟಿತ್ತು. ಗೋಡೆಯಕ್ಕ ಬೆನ್ನನ್ನು ಗೋಡೆಗೆ ಆನಿಸಿ ನಿಂತಿದ್ದರು. ಹೊಳೆ ಬಿಟ್ಟರು. ಎದುರಿಗೇ ಒಬ್ಬ ವಯಸ್ಸಾದವರು, ಒಂಟಿಯಾಗಿ ಬಂದವರು, ಹೆಬ್ಬೆರಳು ನೆಲ ಕಚ್ಚಿ ನಿಂತಿದ್ದರು. ಮುಂದೆ ಹೋಗಲು ಗೋಡೆಯಕ್ಕನಿಗೆ ಕಾಲು ಬರಲಿಲ್ಲ. ನಿಂತಲ್ಲಿಂದಲೇ ಆಕೆ ಕೇಳಿದರು:

"ತಾತಾ, ಕೈ ಬೇಕಾ?"

ಹರಿಯುವ ನೀರಿನೊಳಗಿಂದ, ಬರಿಯ ಗೋಡೆಯಿಂದ, ಒಂದು ದನಿ. ತಾತ ಬೆಚ್ಚಿದರು. ಬೆಚ್ಚಿದ್ದೇ ತಡ ಹಿಂದಕ್ಕೆ ಬಿದ್ದರು. ಎಡಗೈ ಮೈಯ ಅಡಿಗೆ ಸಿಕ್ಕಿ ಮಣಿಕಟ್ಟು ಮುರಿಯಿತು. ಗೋಡೆಯಕ್ಕ ಕುಂಟಿಕೊಂಡು ಓಡಿಬರುವಷ್ಟರಲ್ಲಿ ಸುತ್ತ ಜನ ಸೇರಿದ್ದರು.

ಮೇಲ್ವಿಚಾರಕಿ ಆಮೇಲೆ ಆಕೆಯನ್ನು ಕರೆದು ಕೇಳಿದ್ದು ಒಂದೇ ಮಾತು. "ನಿಮ್ಮ ಜಾಗದಲ್ಲೇ ಇದ್ರಾ?"

"ಇದ್ದೆ ಮೇಡಂ."

ಅದು ಸುಳ್ಳಲ್ಲ. ಉಳಿದದ್ದನ್ನು ಆಕೆ ನುಂಗಿಕೊಂಡರು. ಆಸ್ಪತ್ರೆಯಲ್ಲಿ ತಾತನೂ "ನನ್ನ ಕಾಲೇ ಜಾರಿತು" ಅಂದರಂತೆ. ವಿಷಯ ಅಲ್ಲಿಗೆ ಮುಗಿಯಿತು ಎಂದು ಎಲ್ಲರೂ ಅಂದುಕೊಂಡರು. ಗೋಡೆಯಕ್ಕನಿಗೆ ಮಾತ್ರ ಅಂದಿನಿಂದ ಗೋಡೆ ಬಳಿ ನಿಂತರೆ ನಾಲಿಗೆ ಒಣಗುತ್ತದೆ. ಕೇಳದೆ ಮುಟ್ಟುವಂತಿಲ್ಲ, ಕೇಳಲು ದನಿ ಬರುವುದಿಲ್ಲ. ಎದುರು ಗೋಡೆಯ ನಾದಿನಿಯೇ ಅರ್ಧ ಗೋದಾಮು ದಾಟಿ ಬಂದು ಈಕೆಯ ಪಾಲಿನವರನ್ನೂ ಹಿಡಿಯುತ್ತಿದ್ದಾಳೆ.

ಮೂರು ದಿನದ ಹಿಂದೆ ತಾತನ ಮಗಳು ಟಿಕೆಟ್ ಕಿಟಕಿಗೆ ಬಂದಿದ್ದಳು. ಬಿದ್ದವರಿಗೆ ಮತ್ತೊಮ್ಮೆ ಬಿಟ್ಟಿ ನೋಡಲು ಕೊಟ್ಟ ಪಾಸು ಕೈಯಲ್ಲಿತ್ತು. ಇನ್ನೊಂದು ಸಲ ಇಲ್ಲಿಗೆ ಬರಲೇಬೇಕೆಂದು ಅಪ್ಪ ಹಠ ಹಿಡಿದಿದ್ದಾರೆ ಎಂದಳು. ಯಾಕೆ ಎಂದು ಟಿಕೆಟ್ಟಿನಾಕೆ ಕೇಳಿದ್ದಕ್ಕೆ ಮಗಳು ದನಿ ತಗ್ಗಿಸಿದಳು.

"ಗೋಡೆ ಮಾತಾಡ್ತು ಅಂತಾರೆ. ಡಾಕ್ಟರ ಮುಂದೆ ಹೇಳಕ್ಕೆ ನಾಚಿಕೆ ಆಯ್ತಂತೆ, ಕಾಲು ಜಾರ್ತು ಅಂದ್ರಂತೆ. ನನ್ನ ಹತ್ರ ಮಾತ್ರ ಹೇಳಿದ್ರು. ನಮ್ಮಜ್ಜಿಗೂ ಹೀಗೇ ಶುರುವಾಗಿದ್ದು. ಮೊದಲು ಗೋಡೆ ಮಾತಾಡ್ತು, ಆಮೇಲೆ ಮಕ್ಕಳ ಗುರುತೇ ಹೋಯ್ತು. ಅಪ್ಪನೂ ಹೆದರಿದಾರೆ, ನಾನೂ ಹೆದರಿದೀನಿ. ಮುಂದಿನ ವಾರ ತಲೆ ಡಾಕ್ಟರ ಹತ್ರ ಕರ್ಕೊಂಡು ಹೋಗ್ಬೇಕು. ಅಂಗಡಿ ಮುಚ್ಚಿಸಿ ನಮ್ಮನೇಲೇ ಇಟ್ಕೊಳ್ಳೋಣ ಅಂತ."

ಟಿಕೆಟ್ಟಿನಾಕೆ ಈ ಕತೆಯನ್ನು ಊಟದ ಹೊತ್ತಿನಲ್ಲಿ ಹೇಳಿದಳು, ಪಾಪ ಅಂದಳು, ತಟ್ಟೆ ತೊಳೆಯಲು ಹೋದಳು. ಗೋಡೆಯಕ್ಕನ ಕೈಯಲ್ಲಿದ್ದ ತುತ್ತು ಕೈಯಲ್ಲೇ ಉಳಿಯಿತು.

ಮಾತಾಡಿದ್ದು ಗೋಡೆ ಅಲ್ಲ, ನಾನು ಎಂದು ಹೇಳಿದರೆ ಕೆಲಸ ಹೋಗುತ್ತದೆ. ಹೇಳದಿದ್ದರೆ ಗಟ್ಟಿಮುಟ್ಟಾಗಿರುವ ಮನುಷ್ಯನೊಬ್ಬ ತನ್ನ ತಲೆ ಕೆಟ್ಟಿದೆ ಎಂದು ನಂಬಿಕೊಂಡು ಅಂಗಡಿಗೆ ಬೀಗ ಹಾಕುತ್ತಾನೆ. ಈ ಎರಡರ ನಡುವೆ ಆಕೆ ಮೂರು ರಾತ್ರಿ ಹೊರಳಾಡಿದ್ದಾರೆ. ನಾದಿನಿಗೆ ಎಲ್ಲವೂ ಗೊತ್ತು.

ನೆಲ ಒರೆಸಿ ಮುಗಿಸಿ, ಬಿಳಿ ಬಟ್ಟೆ ಹಾಕಿಕೊಳ್ಳುವ ಕೋಣೆಯಲ್ಲಿ ನಾದಿನಿ ಆಕೆಯ ತಲೆವಸ್ತ್ರ ಬಿಗಿಯುತ್ತಾಳೆ. "ಇವತ್ತೊಂದು ದಿನ ಗೋಡೆ ಬದಲಾಯಿಸೋಣ ಅತ್ತಿಗೆ. ಆ ತಾತ ಬಂದ್ರೆ ನಾನಿರ್ತೀನಿ."

"ನೀನಿದ್ದು ಏನು ಮಾಡ್ತೀಯ?"

"ಸುಮ್ನಿರ್ತೀನಿ."

"ಅದೊಂದು ನಿನ್ನ ಕೈಲಿ ಆಗಲ್ಲ."

"ಹಾಗಾದ್ರೆ ನೀವೇ ಸುಮ್ನಿರಿ. ಮನೇಲಿ ಕೂತ್ಕೊಂಡು ನಮ್ಮಣ್ಣನ ಮುಖ ನೋಡ್ತಾ ಇರಕ್ಕೆ ಆಗತ್ತಾ ನಿಮಗೆ? ನನಗಂತೂ ಹುಟ್ಟಿದಾಗಿಂದ ನೋಡಿ ಸಾಕಾಗಿದೆ."

ಅತ್ತಿಗೆ ಈ ಸಲ ಸ್ವಲ್ಪ ನಗುತ್ತಾರೆ. ಆದರೆ ಗೋಡೆ ಬದಲಾಯಿಸುವುದಿಲ್ಲ.

ಮಧ್ಯಾಹ್ನದ ಹೊತ್ತಿಗೆ ತಾತ ಬರುತ್ತಾರೆ. ಇಸ್ತ್ರಿ ಹಾಕಿದ ಅಂಗಿ. ಎಡ ತೋಳನ್ನು ಬ್ಯಾಂಡೇಜಿನ ಮೇಲೆ ಎಳೆಯಲು ಬರುವಂತೆ ಹೊಲಿಗೆ ಬಿಚ್ಚಿ ಅಗಲ ಮಾಡಿಕೊಂಡಿದ್ದಾರೆ. ಒಂದು ಕಡೆ ಮಗಳು, ಇನ್ನೊಂದು ಕಡೆ ಖುದ್ದು ಮೇಲ್ವಿಚಾರಕಿ. ಬಿದ್ದವರು ಎರಡನೇ ಸಲ ಬಿದ್ದರೆ ತನ್ನ ತಲೆಗೆ ಬರುತ್ತದೆಂದು ಆಕೆ ತಾತನ ಮೊಣಕೈ ಬಿಟ್ಟಿಲ್ಲ. ಗೋಧಿ ಹೊಲದಲ್ಲಿ ತಾತ ನಿಲ್ಲುವುದಿಲ್ಲ. ಹೂದೋಟದ ಕಡೆ ತಿರುಗಿಯೂ ನೋಡುವುದಿಲ್ಲ. ನೇರ ಗೋಡೆಯಕ್ಕನ ಗೋಡೆಯ ಮುಂದೆ ಬಂದು, "ಇದೇ ಜಾಗ" ಎನ್ನುತ್ತಾರೆ.

ಹೂಗಳು ಕರಗುತ್ತವೆ. ಹೊಳೆ ಬಿಡುತ್ತಾರೆ. ನೀರು ಗೋಡೆಯಕ್ಕನ ಹಣೆಯಿಂದ ಇಳಿದು, ಹೊಟ್ಟೆಯ ಮೇಲೆ ಹರಿದು, ಪಾದ ದಾಟಿ ನೆಲಕ್ಕೆ ಹೋಗುತ್ತದೆ. ಆಕೆಯ ಕಣ್ಣು ಅಭ್ಯಾಸದಂತೆ ತಾತನ ಪಾದದ ಮೇಲಿದೆ.

"ಅದು ಬೀಳೋ ಕಾಲಾಗಿರ್ಲಿಲ್ಲ" ಎಂದು ಆಕೆ ಆಮೇಲೆ ನೆನೆಯುತ್ತಾರೆ. "ಬೆರಳೆಲ್ಲ ಸಡಿಲ ಬಿಟ್ಟು, ಉಸಿರು ಕಟ್ಟಿ ನಿಂತಿದ್ರು. ಕಿವಿಗೊಟ್ಟು ನಿಂತವರ ಕಾಲು ಹಾಗೇ ಇರತ್ತೆ."

ತಾತ ಗೋಡೆಯನ್ನೇ ನೋಡುತ್ತಾರೆ. ನೀರು ಹರಿಯುತ್ತದೆ. ಗೋಡೆ ಮಾತಾಡುವುದಿಲ್ಲ. ಹೊಳೆ ಮುಗಿಯುತ್ತಾ ಬರುತ್ತದೆ, ನೀಲಿ ಕಪ್ಪಾಗತೊಡಗುತ್ತದೆ. ಮಗಳು ಅಪ್ಪನ ಬೆನ್ನ ಮೇಲೆ ಮೆತ್ತಗೆ ಕೈಯಿಡುತ್ತಾಳೆ.

"ನೋಡಿದ್ರಲ್ಲ ಅಪ್ಪ. ಏನೂ ಇಲ್ಲ. ನಡೀರಿ, ಮನೆಗೆ ಹೋಗೋಣ."

"ಹ್ಞೂಂ" ಎನ್ನುತ್ತಾರೆ ತಾತ. ಅಷ್ಟೇ. ಅಂಗಿಯೊಳಗೆ ಹೆಗಲು ಒಂದು ಅಳತೆ ಕುಗ್ಗಿದಂತೆ ಕಾಣುತ್ತದೆ. ಅವರು ತಿರುಗುತ್ತಾರೆ.

ಗೋಡೆಯಕ್ಕ ಎರಡು ಹೆಜ್ಜೆ ಮುಂದೆ ಹೋಗಬಹುದಿತ್ತು. ಮಂಡಿ ಇವತ್ತು ಅಷ್ಟೇನೂ ಕಾಡುತ್ತಿರಲಿಲ್ಲ. ಆದರೆ ಮುಂದೆ ಹೋಗಿ ಮನುಷ್ಯರಾಗಿ ಹೇಳಿದರೆ ಯಾರೋ ಸಮಾಧಾನಕ್ಕೆ ಹೇಳಿದ ಮಾತಾಗುತ್ತದೆ. ತಾತ ಕೇಳಿದ್ದು ಗೋಡೆಯಿಂದ. ಗೋಡೆಯಿಂದಲೇ ಮತ್ತೆ ಕೇಳಬೇಕು. ಆಕೆ ಬೆನ್ನನ್ನು ಅಂದಿನಂತೆಯೇ ಗೋಡೆಗೆ ಒತ್ತಿ, ಒಣಗಿದ ನಾಲಿಗೆಯನ್ನು ಒಮ್ಮೆ ತೇವ ಮಾಡಿಕೊಳ್ಳುತ್ತಾರೆ.

"ತಾತಾ, ಕೈ ಬೇಕಾ?"

ತಾತ ಬೆಚ್ಚುವುದಿಲ್ಲ. ನಿಂತಲ್ಲೇ ನಿಲ್ಲುತ್ತಾರೆ. ಬೆಚ್ಚಿದವರು ಮೇಲ್ವಿಚಾರಕಿ. ಬೆನ್ನ ಹಿಂದೆ, ಯಾರೂ ಇಲ್ಲದ ಕತ್ತಲ ನೀರಿನಿಂದ ದನಿ ಬಂದದ್ದೇ ಆಕೆ ಅಮ್ಮಾ ಎಂದು ಗಿರಕ್ಕನೆ ತಿರುಗುತ್ತಾರೆ. ಹಿಮ್ಮಡಿ ಏಳುತ್ತದೆ, ಮೈ ವಾಲುತ್ತದೆ. ಇನ್ನೇನು ಬಿದ್ದರು ಅನ್ನುವಾಗ ಗೋಡೆಯೊಳಗಿಂದ ಒಂದು ಕೈ ಬಂದು ಆಕೆಯ ತೋಳು ಹಿಡಿಯುತ್ತದೆ. ಬಾಂಡ್ಲಿ ಹೊತ್ತ ಕೈ. ಒಮ್ಮೆ ಹಿಡಿದರೆ ಅಲ್ಲಾಡುವುದಿಲ್ಲ.

"ಇದೇ ದನಿ" ಎನ್ನುತ್ತಾರೆ ತಾತ. ಮಗಳನ್ನು ನೋಡಿ, ಪೆಟ್ಟು ಬಿದ್ದ ಕೈಯನ್ನೇ ಎತ್ತಿ ಗೋಡೆ ತೋರಿಸುತ್ತಾರೆ. "ಇದೇ. ಇದೇ ಮಾತು. ನಿನಗೂ ಕೇಳಿಸ್ತಲ್ವೇನೆ?"

"ಕೇಳಿಸ್ತಪ್ಪ" ಎನ್ನುತ್ತಾಳೆ ಮಗಳು. ಹೇಳುತ್ತಲೇ ಆಕೆಗೆ ಅಳು ಬರುತ್ತದೆ, ಜೊತೆಗೆ ನಗುವೂ. ತಾತ ಕತ್ತಲಲ್ಲಿ ಗೋಡೆಯಕ್ಕನ ಮುಖ ಹುಡುಕುತ್ತಾ ಕೇಳುತ್ತಾರೆ: "ಅಲ್ಲಮ್ಮಾ, ಇಷ್ಟು ದಿನ ಎಲ್ಲಿದ್ದೆ?"

"ಇಲ್ಲೇ ಇದ್ದೆ ತಾತ. ಆವತ್ತು ಮುಂದೆ ಬಂದು ಕೇಳ್ಬೇಕಿತ್ತು. ಮಂಡಿ ಬಗ್ಗಲಿಲ್ಲ. ತಪ್ಪು ನಂದು."

"ನನ್ನ ಕಾಲು ಜಾರಿದ್ದಲ್ಲ ಅಂತಾಯ್ತು."

"ಇಲ್ಲ ತಾತ. ನಿಮ್ಮ ಕಾಲೂ ಸರಿ ಇತ್ತು, ಕಿವೀನೂ ಸರಿ ಇತ್ತು."

ಮೇಲ್ವಿಚಾರಕಿಯ ತೋಳು ಇನ್ನೂ ಗೋಡೆಯಕ್ಕನ ಕೈಯಲ್ಲೇ ಇರುತ್ತದೆ. ಮೇಲ್ವಿಚಾರಕಿ ಎಲ್ಲವನ್ನೂ ಕೇಳಿಸಿಕೊಳ್ಳುತ್ತಾರೆ. ಸಂಜೆ ಬಾಗಿಲು ಹಾಕಿದ ಮೇಲೆ ಗೋಡೆಯಕ್ಕನನ್ನು ಕರೆದು ಕೂರಿಸುತ್ತಾರೆ. ಈ ಕೆಲಸಕ್ಕೆ ಸೇರಿದ ಮೇಲೆ ಯಾರಾದರೂ ಕೂರಿಸಿದ್ದು ಅದೇ ಮೊದಲು.

"ಮಂಡಿ ವಿಷಯ ಮೊದಲೇ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಇಟ್ಕೊಳ್ತಿದ್ರಾ ಮೇಡಂ?"

ಮೇಲ್ವಿಚಾರಕಿ ಕಾಗದ ಎಳೆದುಕೊಂಡರಂತೆ. ನಡೆದದ್ದನ್ನು ಮೇಲಿನವರಿಗೆ ಬರೆಯಲೇಬೇಕು, ಬರೆಯುತ್ತೇನೆ, ನೀವು ಹಿಡಿದದ್ದನ್ನೂ ಬರೆಯುತ್ತೇನೆ ಎಂದರಂತೆ. ಅದಾಗಿ ವಾರಗಳೇ ಕಳೆದಿವೆ. ಈ ಬರಹ ಅಚ್ಚಿಗೆ ಹೋಗುವ ಹೊತ್ತಿಗೂ ಮೇಲಿನಿಂದ ಉತ್ತರ ಬಂದಿಲ್ಲ. ಆಫೀಸಿನ ಫೋನು ರಿಂಗಾದಾಗಲೆಲ್ಲ ಬಟ್ಟೆ ಹಿಂಡುವ ಗೋಡೆಯಕ್ಕನ ಕೈ ನಿಲ್ಲುತ್ತದೆ. ಅತ್ತಲಿನ ಮಾತು ಬೇರೆ ಯಾವುದೋ ಎಂದು ಗೊತ್ತಾದ ಮೇಲೆ ಹಿಂಡುವುದು ಮುಂದುವರಿಯುತ್ತದೆ. ಆಕೆಗೆ ಒಂದೇ ಒಂದು ಆಸೆ. "ಒಂದು ಸ್ಟೂಲ್ ಕೊಟ್ರೆ ಸಾಕು. ಅದಕ್ಕೂ ಬಿಳಿ ಬಣ್ಣ ಹೊಡೆದ್ರೆ ಆಯ್ತು, ಯಾರಿಗೂ ಕಾಣಲ್ಲ." ದನಿ ಮಾತ್ರ ಮರಳಿದೆ. ಈಗ ಎರಡು ಹೆಜ್ಜೆ ಮುಂದೆ ಬಂದೇ ಕೇಳುತ್ತಾರೆ. ಮಂಡಿ ನೋಯುವ ದಿನ ತುಟಿ ಕಚ್ಚಿ ಬರುತ್ತಾರೆ.

ವಾರದ ರಜೆಯ ದಿನ ಆಕೆ ಮಾರುಕಟ್ಟೆಯ ಹಿಂದಿನ ಓಣಿಗೆ ಹೋಗುತ್ತಾರೆ. ಅಲ್ಲಿ, ಒಂದು ಮೆಷಿನ್ನು ಒಂದು ಮೇಜು ಹಿಡಿಯುವಷ್ಟೇ ಜಾಗದಲ್ಲಿ, ತಾತನ ಅಂಗಡಿ ತೆರೆದೇ ಇದೆ. ಬ್ಯಾಂಡೇಜು ಬಿಚ್ಚಿದ್ದಾರೆ. ಮೆಷಿನ್ ತುಳಿಯಲು ತೊಂದರೆಯಿಲ್ಲ. ಗುಂಡಿ, ಹುಕ್ಕು, ಅಂಚಿನ ಕೈಹೊಲಿಗೆಗೆ ಬೇಕಾದ ಸಣ್ಣ ಸೂಜಿ ಮಾತ್ರ ಎಡಗೈ ಬೆರಳಲ್ಲಿ ನಿಲ್ಲುವುದಿಲ್ಲ. ಗೋಡೆಯಕ್ಕ ಮೆಟ್ಟಿಲ ಮೇಲೆ ಕಾಲು ಚಾಚಿ ಕೂತು ಒಂದೊಂದೇ ಸೂಜಿಗೆ ದಾರ ಪೋಣಿಸುತ್ತಾರೆ. ಬಿಳಿ, ಕಪ್ಪು, ನೀಲಿ. ಪೋಣಿಸಿದ್ದನ್ನು ಮೇಜಿನ ಮೇಲಿನ ಬಟ್ಟೆಯ ಗಂಟಿಗೆ ಸಾಲಾಗಿ ಚುಚ್ಚುತ್ತಾರೆ. ತಾತನಿಗೆ ಒಂದು ವಾರಕ್ಕೆ ಸಾಕು. ಯಾರೂ ಹೇಳಿ ಮಾಡಿಸಿದ್ದಲ್ಲ. ತನ್ನಿಂದ ಮುರಿದ ಕೈಗೆ ತಾನು ಕೊಡಬೇಕಾದ್ದು ಎಂದು ಆಕೆಯೇ ಹಚ್ಚಿಕೊಂಡದ್ದು.

"ವಾರಕ್ಕೊಂದು ರಜೆ. ಅದನ್ನೂ ಸೂಜಿಗೆ ಪೋಣಿಸಿ ಬಾ" ಎಂದು ಗಂಡ ಗೊಣಗುತ್ತಾರೆ. ಗೊಣಗುತ್ತಲೇ ಆಕೆ ಬರುವಷ್ಟರಲ್ಲಿ ಅನ್ನಕ್ಕಿಟ್ಟಿರುತ್ತಾರೆ.

ಕಳೆದ ವಾರ ಆಕೆ ಸ್ವಲ್ಪ ಬೇಗ ಹೋಗಿದ್ದರು. ಓಣಿಯ ತಿರುವಿನಿಂದಲೇ ಕಂಡಿತು. ತಾತ ಬೆಳಕಿಗೆ ಮುಖ ಮಾಡಿ, ಎಡಗೈಯಲ್ಲಿ ಸೂಜಿ ಹಿಡಿದು, ಬಲಗೈಯ ದಾರವನ್ನು ಒಂದೇ ಸಲಕ್ಕೆ ಅದರ ಕಣ್ಣಿನೊಳಗೆ ದಾಟಿಸಿದರು. ಬೆರಳು ನಡುಗಲಿಲ್ಲ. ಗೋಡೆಯಕ್ಕ ಅಲ್ಲೇ ಹಿಂದೆ ಸರಿದು, ಒಂದು ಕ್ಷಣ ನಿಂತು, ಜೋರಾಗಿ ಕೆಮ್ಮಿ ಹೆಜ್ಜೆ ಹಾಕಿದರು. ಅಂಗಡಿ ಮುಟ್ಟುವಷ್ಟರಲ್ಲಿ ತಾತನ ಸೂಜಿಯಲ್ಲಿ ದಾರವಿರಲಿಲ್ಲ.

"ಬಾರಮ್ಮ. ಈ ಕೈ ಇನ್ನೂ ಮಾತು ಕೇಳ್ತಾ ಇಲ್ಲ ನೋಡು" ಅಂದರು ತಾತ.

ಆಕೆ ಸೂಜಿ ತೆಗೆದುಕೊಂಡು, ದಾರದ ತುದಿಯನ್ನು ತುಟಿಯಲ್ಲಿ ಒದ್ದೆ ಮಾಡಿ ಪೋಣಿಸಿದರು.

"ಸಾಕು ಅಂತ ಅವರೂ ಹೇಳಿಲ್ಲ" ಎನ್ನುತ್ತಾರೆ ಗೋಡೆಯಕ್ಕ. "ಋಣ ತೀರ್ತಾ ಅಂತ ನಾನೂ ಕೇಳಿಲ್ಲ."

ಹೊರಗೆ ಹೊಟ್ಟಿನ ಧೂಳು ಏಳುತ್ತಿದೆ. ನಾಳೆ ಬೇಗ ಏಳಬೇಕು.